ಎರಡಾಳಗಲದ ಕಂಬಳಿ

ಸ್ಟೋನಿ ಫೋರ್ಡ್, ಪೆನ್ಸಿಲ್ವೇನಿಯ
ಏಪ್ರಿಲ್ ಹನ್ನೆರಡು, ಭಾನುವಾರ ಬೆಳಿಗ್ಗೆ

ನನ್ನ ರೋಂಡಾಗೆ,

ಊರು, ತಾರೀಕು ಎಲ್ಲಾ ಬಾಯಲ್ಲೇ ಹೇಳ್ತಿದೀನಿ, ನಗಬೇಡ. ಕೂತ್ಕೊಂಡು ಬರೆಯೋಣ ಅಂದ್ರೆ ಬೆರಳು ಬಗ್ತಿಲ್ಲ, ಉಗುರೊಳಗೆ ನಿನ್ನೆ ಮಣ್ಣು ಹಾಗೇ ಇದೆ. ಅದಕ್ಕೇ ಫೋನಿಗೆ ಮಾತಾಡಿ ಕಳಿಸ್ತಿದೀನಿ. ಮಧ್ಯದಲ್ಲಿ ಕಾಫಿ ಹೀರೋ ಸದ್ದು ಬಂದ್ರೆ ಸಹಿಸ್ಕೋ. ಹೇಗಿದೀಯ? ಅತ್ತೆ ಸೊಂಟಕ್ಕೆ ಅಂತ ನೀನು ಹೋದದ್ದು, ಈಗ ಹೇಗಿದೆ? ನಿನ್ನ ತಮ್ಮ ಫೋನ್ ಮಾಡಿದ್ದ, ಅತ್ತೆ ಈಗ ಕೋಲಿಲ್ದೆ ಚರ್ಚಿಗೆ ಹೋಗಿಬರ್ತಾರೆ, ಆಲೂಗಡ್ಡೆ ಸಲಾಡೂ ಅವರೇ ಮಾಡ್ತಾರೆ ಅಂದ. ಕೇಳಿ ಸಂತೋಷ ಆಯ್ತು. ಸುಮ್ನೆ ಹೇಳ್ತಿಲ್ಲ, ನಿಜವಾಗ್ಲೂ ಆಯ್ತು. ನೀನಿರೋ ಒಹಾಯೋದಲ್ಲಿ ಚಳಿ ಬಿಟ್ಟಿರಬೇಕು. ಇಲ್ಲಿ ಇನ್ನೂ ಒಂದಿನ ಬಿಸಿಲು, ಒಂದಿನ ಹಲ್ಲು ಕಡಿಯೋ ಚಳಿ. ನನ್ನ ಬೆನ್ನಿನ ಕಥೆ ಹೇಳೋಕೆ ಹೋಗಲ್ಲ. ವಾರವೆಲ್ಲ ಕಲ್ಲುಕ್ವಾರಿ ಲೋಡರ್ ಮೇಲೆ ಕುಕ್ಕಿಸ್ಕೊಂಡು ಶನಿವಾರ ರೇಸ್ ಟ್ರ್ಯಾಕಿಗೆ ಬಂದು ಮತ್ತೆ ಕಾರು ತಳ್ಳೋ ಟ್ರಕ್ಕಲ್ಲಿ ಕೂತ್ರೆ ಅದಾದ್ರೂ ಏನು ಮಾಡುತ್ತೆ ಪಾಪ. ಐವತ್ತಾಯ್ತಲ್ಲ. ಮೊದಲೆಲ್ಲ ಸೀಸನ್ ಶುರುವಾಗುತ್ತೆ ಅಂದ್ರೆ ಹಿಂದಿನ ದಿನ ನಿದ್ದೆ ಬರ್ತಿರ್ಲಿಲ್ಲ. ಈ ಸಲ ಬೆಳಿಗ್ಗೆ ಶೂ ಹಾಕ್ಕೊಳ್ಳೋಕೆ ಮಂಚದ ಮೇಲೆ ಕೂತವನು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಆದ್ರೂ ಹೋದೆ. ಬಾಗಿಲು ತೆಗೆದು ಸ್ವಲ್ಪ ಹೊತ್ತಿಗೇ ಹೋಗಿ ನಮ್ಮ ಕಂಬಳಿ ಹಾಸಿ ಬಂದೆ. ಅದೇ ಕಂದು ಕಂಬಳಿ, ನೀನು ಒಲೆ ಪಕ್ಕ ಇಟ್ಟು ಮೂಲೆ ಸುಟ್ಟಿದ್ದೀಯಲ್ಲ, ಅದು. ನಾಲ್ಕನೇ ತಿರುವಲ್ಲಿ, ಮೇಲಿನ ಸಾಲಲ್ಲಿ, ಕಂಬದ ಪಕ್ಕ, ಇಬ್ಬರು ಕೂರೋಷ್ಟು, ಎರಡಾಳಗಲ. ಹಲಗೆಗೆ ಟೇಪು ಅಂಟಿಸಿದೆ. ಆಗ್ಲೇ ಅರ್ಧ ಗ್ಯಾಲರಿ ತುಂಬ ಎಲ್ಲರ ಕಂಬಳಿ ಬಿದ್ದಿತ್ತು, ಮನುಷ್ಯರು ಮಾತ್ರ ಒಬ್ಬರೂ ಇಲ್ಲ, ಎಲ್ಲಾ ಜಾಗ ಹಿಡಿಯೋಕೆ ಹಾಸಿ ಮನೆಗೆ ಹೋಗಿದ್ರು.

ಅಷ್ಟರಲ್ಲಿ ಬೆತ್ ಹಿಡ್ಕೊಂಡ್ಲು. ಟ್ರ್ಯಾಕ್ ಅವಳ ಕೈಗೆ ಬಂದಾಗಿಂದ ಅವಳಿಗೆ ಯಾರ ಹತ್ರಾನೂ ಕೇಳೋ ಅಭ್ಯಾಸ ಇಲ್ಲ, ಬರೀ ಹೇಳೋದೇ. 'ಗೇಲನ್, ಮೊದಲ ಸಲದೋರ ಮೇಜಿಗೆ ಇವತ್ತು ನೀನು ನಿಂತ್ಕೋ. ರೋಂಡಾ ಇಲ್ವಲ್ಲ.' ನಾನಂದೆ, ಅದು ಅವಳ ಕೆಲಸ ಕಣೇ, ನನಗೆ ಟ್ರಕ್ ಇದೆ. 'ಟ್ರಕ್ ಸಂಜೆಗೆ. ಮೊದಲ ಸಲ ಬಂದೋರು ಹೆದರಿ ಓಡಿಹೋದ್ರೆ ಎರಡನೇ ಸಲ ಬರಲ್ಲ. ಮಾತು ನಿನಗೆ ಹೇಳ್ಕೊಡಬೇಕಾ' ಅಂತ ನಿನ್ನ ಹಳದಿ ಜಾಕೆಟ್ಟು ಎಸೆದ್ಲು. ಹೊಟ್ಟೆ ಹತ್ರ ಗುಂಡಿ ಕೂರ್ಲೇ ಇಲ್ಲ. ಜೇಬಲ್ಲಿ ನಿನ್ನ ಪೆಪ್ಪರ್‌ಮಿಂಟ್ ಒಂದಿತ್ತು. ತಿಂದೆ. ಮೆತ್ತಗಾಗಿತ್ತು.

ನಿನ್ನ ಪೆಟ್ಟಿಗೆ ಹಾಗೇ ಇತ್ತು, ಧೂಳಿನ ಕನ್ನಡಕ, ಕಿವಿಗೆ ಇಟ್ಟುಕೊಳ್ಳೋ ಬಿರಡೆ, ಒದ್ದೆ ಕಾಗದ. ನೀನು ಹೇಗೆ ಮಾಡ್ತಿದ್ದೆ ಅಂತ ಇಷ್ಟು ವರ್ಷ ದೂರದಿಂದ ನೋಡಿದ್ದೆ, ಕಿವಿಗೊಟ್ಟು ಕೇಳಿರ್ಲಿಲ್ಲ. ನಾನು ಬಂದೋರಿಗೆಲ್ಲ ಶುರುಮಾಡಿದೆ: ತಿರುವಲ್ಲಿ ಕೆಳಗಿನ ಸಾಲಲ್ಲಿ ಕೂರಬೇಡಿ, ಮಣ್ಣು ಮುಖಕ್ಕೇ ಬರುತ್ತೆ, ಲೋಟಕ್ಕೆ ಮುಚ್ಚಳ ಹಾಕಿ, ಈ ಮಣ್ಣಿಗೆ ನೀರು ಯಾವಾಗ ಬಿಡ್ತಾರೆ ಗೊತ್ತಾ, ನಮ್ಮಪ್ಪನ ಕಾಲದಲ್ಲಿ ಹೀಗಿರ್ಲಿಲ್ಲ, ಹಾಗೆ ಹೀಗೆ. ಒಬ್ಬ ಕನ್ನಡಕಾನೂ ತಗೊಳ್ದೆ ಹಿಂದೆ ಹಿಂದೆ ಸರಿದು ಹೋಗೇಬಿಟ್ಟ. ಆಮೇಲೆ ನೀನು ಹೇಳ್ತಿದ್ದದ್ದು ನೆನಪಾಯ್ತು, 'ಮೊದಲು ಹೆಸರು ಕೇಳು, ಮಣ್ಣಿನ ವಿಷಯ ಆಮೇಲೆ.' ಹಾಗೆ ಹೆಸರು ಕೇಳಿದ ಮೊದಲನೆಯವಳೇ ಈ ಯೆಸೇನಿಯಾ. ರೀಡಿಂಗ್ ಊರಿನ ಕಡೆಯೋಳು, ಹೋಟೆಲ್ಲಲ್ಲಿ ರೂಮು ಸಜ್ಜು ಮಾಡೋ ಕೆಲಸ. ಜೊತೆಗೆ ಅವಳಮ್ಮ, ಡೊಮಿನಿಕನ್ ಅಜ್ಜಿ, ಇಂಗ್ಲಿಷ್ ಬರಲ್ಲ, ಮಗಳೇ ಅವರ ಭಾಷೇಲಿ ತಿಳಿಸಿ ಹೇಳ್ತಾಳೆ. ಅಜ್ಜಿ ಹಾಕಿದ್ದು ಹಾಲಿನಂಥ ಬಿಳಿ ಕೋಟು. ಈ ಮಣ್ಣಿಗೆ!

ಅಜ್ಜಿ ಅಂಗಳದಲ್ಲಿ ನಿಂತ ರೇಸ್ ಕಾರು, ಅದರ ನೆತ್ತಿ ಮೇಲಿನ ತಗಡಿನ ರೆಕ್ಕೆ, ಅದರ ಹಿಂದೆ ತಳ್ಳೋಕೆ ತಾಗಿಸಿಟ್ಟಿದ್ದ ನನ್ನ ಟ್ರಕ್ ಎಲ್ಲಾ ನೋಡಿ ಕೇಳಿದ್ಲು, ಇಷ್ಟು ದೊಡ್ಡ ಕಾರನ್ನ ಯಾಕೆ ತಳ್ತೀರ, ಕೆಟ್ಟುಹೋಗಿದೆಯಾ ಅಂತ. ನಾನಂದೆ, ಕೆಟ್ಟಿಲ್ಲಮ್ಮ, ಇದಕ್ಕೆ ಸ್ಟಾರ್ಟರೇ ಇಲ್ಲ, ಹಿಂದಿನಿಂದ ಒಬ್ಬರು ತಳ್ಳಿದ್ರೇನೇ ಶುರುವಾಗೋದು, ಆಮೇಲೆ ಹಿಡಿಯೋಕಾಗಲ್ಲ. ಮಗಳು ಹೇಳಿದ್ಲು. ಅಜ್ಜಿ ಏನೋ ಅಂದು ಬಾಯಿ ಮುಚ್ಕೊಂಡು ನಕ್ಕಳು. 'ನನ್ನ ಗಂಡನೂ ಹಾಗೇ ಇದ್ದ ಅಂತಾಳೆ' ಅಂದ್ಲು ಯೆಸೇನಿಯಾ.

ಎಲ್ಲಾ ಹೇಳ್ದೆ ಕಣೇ. ಕಂಬಳಿ ವಿಷಯ ಮಾತ್ರ ಹೇಳ್ಲಿಲ್ಲ. ಅದನ್ನ ಹೇಳ್ಬೇಕು ಅಂತ ಹೊಳೀಲೇ ಇಲ್ಲ. ಹುಟ್ಟಿದಾಗಿಂದ ಗೊತ್ತಿರೋದನ್ನ ಯಾರು ಹೇಳ್ತಾರೆ. ಸ್ವಲ್ಪ ಹೊತ್ತಿಗೆ ಯೆಸೇನಿಯಾ ಎದೆಮಟ್ಟ ಕಂಬಳಿ ಹೊತ್ಕೊಂಡು ಬಂದ್ಲು. ನಮ್ಮ ಸಾಲಿನದ್ದಷ್ಟೂ. ಒಂದೊಂದನ್ನೂ ಕೊಡವಿ, ಟೇಪು ಕಿತ್ತು, ಅಂಚಿಗೆ ಅಂಚು ಸೇರಿಸಿ, ಅಂಗಡಿಯಲ್ಲಿಟ್ಟ ಹಾಗೆ ಮಡಿಚಿದ್ಲು. 'ಸಾರ್, ಹೋದ ವಾರದೋರು ಎಷ್ಟೊಂದು ಮರೆತುಹೋಗಿದಾರೆ. ಕಳೆದುಹೋದ ಸಾಮಾನು ಎಲ್ಲಿಡ್ತೀರಿ?' ನನಗೆ ನಗು ಬರಬೇಕಿತ್ತು. ಬರ್ಲಿಲ್ಲ. ಎಲ್ಲಕ್ಕೂ ಮೇಲೆ ಸುಟ್ಟ ಮೂಲೆದು ಇತ್ತು.

ಅವಳ ಹಿಂದೇನೇ ಮರ್ವಿನ್. ನಮ್ಮ ಪಕ್ಕದ ಜಾಗದವನು ಗೊತ್ತಲ್ಲ, ವಯಸ್ಸಾಗ್ತಾ ಇನ್ನೂ ಗಂಟಲು ದೊಡ್ಡದಾಗ್ತಿದೆ. 'ಲೋ ಗೇಲನ್, ನಮ್ಮಪ್ಪ ಸತ್ತ ವಾರಾನೂ ಆ ಜಾಗ ಯಾರೂ ಮುಟ್ಟಿರ್ಲಿಲ್ಲ ಕಣೋ. ರೋಂಡಾ ಇದ್ದಿದ್ರೆ ಹೀಗಾಗ್ತಿತ್ತಾ?' ಆಗ್ತಿರ್ಲಿಲ್ಲ, ನಂಗೂ ಗೊತ್ತು. ಯೆಸೇನಿಯಾಗೆ ಅರ್ಥ ಆಯ್ತು ನೋಡು, ಕಿವಿತನಕ ಕೆಂಪಾದ್ಲು. ಅಮ್ಮನ ಕೈ ಹಿಡಿದು, 'ನಾವು ಹೋಗ್ತೀವಿ ಸಾರ್, ತಪ್ಪಾಯ್ತು' ಅಂತ ಗೇಟಿನ ಕಡೆ ತಿರುಗಿದ್ಲು. ಅಜ್ಜಿಗೆ ಏನಾಯ್ತು ಅಂತಾನೇ ತಿಳೀದೆ ಕನ್ನಡಕ ಹಣೆಗೆ ಏರಿಸ್ಕೊಂಡು ನನ್ನನ್ನೇ ನೋಡ್ತಿದ್ಲು.

ನಿಲ್ಲಮ್ಮ, ತಪ್ಪು ನಂದು, ಹೇಳ್ಲಿಲ್ವಲ್ಲ ನಾನು, ಅಂದೆ. ನಾನು, ಅಮ್ಮ, ಮಗಳು ಮೂವರೂ ಮೇಲೆ ಹತ್ತಿ ಮತ್ತೆ ಹಾಸಿದ್ವಿ. ಯಾರದು ಎಲ್ಲಿ ಅಂತ ನನಗೆ ಅರ್ಧ ಗೊತ್ತಿರ್ಲಿಲ್ಲ, ಮರ್ವಿನ್ ಗೊಣಗ್ತಾ ಗೊಣಗ್ತಾನೇ ತೋರಿಸಿದ. ಅಷ್ಟರಲ್ಲಿ ಕೂರೋಕೆ ಒಳ್ಳೆ ಜಾಗ ಎಲ್ಲೂ ಉಳಿದಿರ್ಲಿಲ್ಲ, ಕೆಳಗೆ ತಿರುವಿನ ಮೊದಲ ಸಾಲು ಬಿಟ್ರೆ. ಬಿಳಿ ಕೋಟಿನ ಅಜ್ಜಿನ ಅಲ್ಲಿ ಕೂರಿಸೋದು ಹೇಗೆ? ನಮ್ಮ ಕಂಬಳೀಲಿ ನನ್ನ ಅರ್ಧ ತೋರಿಸಿ, ನಾನು ಹೇಗೂ ಟ್ರಕ್ಕಲ್ಲಿರ್ತೀನಿ, ಒತ್ತಾಗಿ ಇಬ್ಬರೂ ಇಲ್ಲಿ ಕೂತ್ಕೊಳ್ಳಿ ಅಂದೆ. ಕೂತ್ರು. ನಿನ್ನ ಅರ್ಧ ಹಾಗೇ ಇತ್ತು. ಮರ್ವಿನ್ ಅದನ್ನ ನೋಡಿದ, ನನ್ನ ನೋಡಿದ. ಅಜ್ಜಿಗೆ ಅವನೇ ಹೋಗಿ ಕೋಳಿ-ಜೋಳದ ಸೂಪು ತಂದುಕೊಟ್ನಂತೆ, ಮುಚ್ಚಳ ಹಾಕಿಸಿ.

ಸಂಜೆ ಕಾರುಗಳನ್ನ ಒಂದೊಂದಾಗಿ ತಳ್ಳಿ ಬಿಟ್ಟೆ. ಬಂಪರ್ ತಾಗಿಸಿ, ನೂಕಿ, ಅದರ ಎಂಜಿನ್ ಹೊತ್ಕೊಂಡು ಗುರ್ ಅಂತ ಮುಂದೆ ಹಾರಿದಾಗ ಟ್ರಕ್ ಹಿಂದೇನೇ ಉಳಿಯುತ್ತಲ್ಲ, ಆ ಗಳಿಗೆ ನನಗೆ ಇಷ್ಟ ಇತ್ತು ಮೊದಲು. ನಿನ್ನೆ ಸುಮ್ನೆ ಕೆಲಸ ಅನ್ನಿಸ್ತು. ಮಧ್ಯೆ ಒಂದ್ಸಲ ನಾಲ್ಕನೇ ತಿರುವಲ್ಲಿ ನಿಂತು ಮೇಲೆ ನೋಡಿದೆ. ಅಷ್ಟು ಮೇಲಿದ್ರೂ ಅಜ್ಜಿ ಕೋಟು ತುಂಬ ಮಣ್ಣಿನ ಚುಕ್ಕೆ. ಎದ್ದು ನಿಂತು ಎರಡೂ ಕೈ ಆಡಿಸ್ತಿದ್ಲು, ಯಾವ ಕಾರಿಗೆ ಅಂತ ಅವಳಿಗೇ ಗೊತ್ತಿತ್ತೋ ಇಲ್ವೋ. ಯೆಸೇನಿಯಾ ಬ್ಯಾಗು ನಿನ್ನ ಜಾಗದ ಮೇಲಿತ್ತು.

ಸರಿ, ತುಂಬಾ ಮಾತಾಡಿದೆ. ಅತ್ತೆಗೆ ನನ್ನ ನಮಸ್ಕಾರ ಹೇಳು, ತಮ್ಮನಿಗೆ ಹೆಂಡತಿ ಮಕ್ಕಳಿಗೆ ಎಲ್ಲರಿಗೂ. ಮೆಟ್ಟಿಲು ಇಳಿಯುವಾಗ ಅವರ ಕೈ ಹಿಡ್ಕೋ. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಗೇಲನ್

ಇದು ಇನ್ನೊಂದು ತುಂಡು ರೆಕಾರ್ಡಿಂಗು, ಒಂದು ಮಾತು ಬಿಟ್ಟೆ. ಹಾಸುವಾಗ ಯೆಸೇನಿಯಾ ಕೇಳಿದ್ಲು, ಈ ಇನ್ನರ್ಧ ಯಾರದು ಅಂತ. ನನ್ನ ಹೆಂಡತಿದು, ದಾರೀಲಿದಾಳೆ ಅಂದ್ಬಿಟ್ಟೆ. ಯಾಕೆ ಅಂದೆ ಗೊತ್ತಿಲ್ಲ. ಅವಳು ನಂಬಿ ರೇಸ್ ಮುಗಿಯೋವರೆಗೂ ಯಾರನ್ನೂ ಅಲ್ಲಿ ಕೂರೋಕೆ ಬಿಟ್ಟಿಲ್ಲ. ಮರ್ವಿನ್ ಕಾಲು ಚಾಚಿದ್ರೆ ಅವನಿಗೂ ಗದರಿದಾಳೆ. ಹೋಗುವಾಗ ಟ್ರಕ್ ಹತ್ರ ಬಂದು, 'ಪಾಪ, ಅವರಿಗೆ ತಡ ಆಯ್ತಲ್ವಾ ಸಾರ್. ಮುಂದಿನ ಶನಿವಾರ ನಾವು ಬೇಗ ಬರ್ತೀವಿ, ಅವರ ಜಾಗ ನಾನು ನೋಡ್ಕೋತೀನಿ' ಅಂದ್ಲು. ಅತ್ತೆ ಕೋಲು ಬಿಟ್ಟು ಎಷ್ಟು ದಿನ ಆಯ್ತು ಅಂತ ನಾನು ಕೇಳ್ತಿಲ್ಲ ರೋಂಡಾ. ಶನಿವಾರ ಬೆಳಿಗ್ಗೆ ಹೋಗಿ ಕಂಬಳಿ ಹಾಸ್ತೀನಿ. ಎಷ್ಟಗಲ ಹಾಸ್ಲಿ, ಅಷ್ಟು ಹೇಳು ಸಾಕು.