ಬಾವಿಯ ರಾಟೆ ಮತ್ತು ತಮ್ಮ ತಿದ್ದುಪಡಿ

ಬಾಡಿಗೆ ಕಾನೂನನ್ನು ತಿದ್ದಲು ಕುಳಿತಿರುವ ಮಾನ್ಯರೇ,

ಮೊದಲು ಖರ್ಚು. ರಿಕ್ಷಾದಲ್ಲಿ ನೀರು ತರಿಸಿದ್ದು ನಾನೂರು, ಮರುದಿನ ಅಂಗಡಿ ತೆರೆಯಲಾಗದೆ ಹುಳಿಯಾಗಿ ಚೆಲ್ಲಿದ ಹಿಟ್ಟು ಸಾವಿರದ ನೂರೈವತ್ತು, ವಕೀಲರ ಸಲಹೆ ಐನೂರು. ಒಟ್ಟು ಎರಡು ಸಾವಿರದ ಐವತ್ತು. ಇಷ್ಟೂ ಹೋದದ್ದು ಬಾವಿಯ ಒಂದು ರಾಟೆಗೆ.

ಅಂಬಲಪಾಡಿಯಲ್ಲಿ ನನ್ನದೊಂದು ಗೋಳಿಬಜೆ, ಬನ್ಸ್ ಅಂಗಡಿ. ಜಾಗ ಹಿಂದಿನ ಮನೆಯ ವಿಠಲಣ್ಣನದು, ನೀರು ಅವರ ಅಂಗಳದ ಬಾವಿಯದು. ಹೆಚ್ಚು ಬಾಡಿಗೆ ಕೊಡುವ ಮೊಬೈಲ್ ಅಂಗಡಿಯವರು ಸಿಕ್ಕಿದ ಕೂಡಲೇ ವಿಠಲಣ್ಣ ನನಗೆ ಖಾಲಿ ಮಾಡು ಎಂದರು. ಕರಾರು ಇನ್ನೂ ಒಂದು ವರ್ಷ ಇದೆ ಎಂದೆ. ಮರುದಿನ ಬೆಳಿಗ್ಗೆ ಬಾವಿಯಲ್ಲಿ ನೀರಿತ್ತು, ಹಗ್ಗವಿತ್ತು, ಕೊಡಪಾನವಿತ್ತು, ರಾಟೆ ಇರಲಿಲ್ಲ. ರಾಟೆಯಿಲ್ಲದೆ ಆ ಆಳದಿಂದ ಅಂಗಡಿಗೆ ಬೇಕಾದಷ್ಟು ನೀರು ಎಳೆದು ನೋಡಿ, ಮಾನ್ಯರೇ. ಆಮೇಲೆ ತಿದ್ದುಪಡಿ ಬರೆಯಲು ತಮ್ಮ ಕೈ ಏಳುವುದಿಲ್ಲ.

"ಎಣ್ಣೆ ಬಿಡ್ಲಿಕ್ಕೆ ಬಿಚ್ಚಿದ್ದು ಮಾರಾಯ, ಭಾರೀ ಕಿರುಚ್ತದೆ," ಎಂದರು ವಿಠಲಣ್ಣ.

"ಎಷ್ಟು ದಿನ ಎಣ್ಣೆ ಕುಡೀತದೆ ಅದು?"

"ನೀನು ಖಾಲಿ ಮಾಡುವವರೆಗೆ."

ಬಾಡಿಗೆದಾರನ ನೀರು ತಡೆದರೆ ಜೈಲೂ ಆಗಬಹುದು ಎಂದರು ವಕೀಲರು. ಅದನ್ನು ನಾನು ವಿಠಲಣ್ಣನಿಗೆ ಹೇಳಲಿಲ್ಲ. ಅವರ ಹೆಂಡತಿ ಸುಗಂಧಿ ಅಕ್ಕನಿಗೆ ಹೇಳಿದೆ. "ಮಗಳನ್ನು ನೋಡ್ಲಿಕ್ಕೆ ಬರುವವರಿಗೆ ನಾನು ಎಂತ ಹೇಳುವುದು? ಅಪ್ಪ ರಾಟೆಗೆ ಎಣ್ಣೆ ಬಿಡ್ಲಿಕ್ಕೆ ಜೈಲಿಗೆ ಹೋಗಿದ್ದಾರೆ ಅಂತಲಾ?" ಎಂದು ಅಕ್ಕ ಗಂಡನನ್ನು ಕೇಳಿದ್ದು ನನ್ನ ಬಾಣಲೆಯವರೆಗೂ ಕೇಳಿಸಿತು. ಸಂಜೆಯೊಳಗೆ ರಾಟೆ ಮರಳಿತು. ಈಗಲೂ ಕಿರುಚುತ್ತಿದೆ.

ಅಂಥ ಜೈಲು ಶಿಕ್ಷೆಯನ್ನು ತೆಗೆದು, ತಿದ್ದುಪಡಿಯಲ್ಲಿ ತಾವು ದಂಡವೊಂದನ್ನೇ ಉಳಿಸುತ್ತೀರಂತೆ. ವಿಠಲಣ್ಣ ಆ ಸುದ್ದಿ ಓದಿದ್ದು ನನ್ನದೇ ಅಂಗಡಿಯ ಪೇಪರಿನಲ್ಲಿ, ನನ್ನದೇ ಬನ್ಸ್ ತಿನ್ನುತ್ತ. "ದಂಡ ಮಾತ್ರ ಅಲ್ವಾ ಅಣ್ಣು? ಮೊಬೈಲಿನವರ ಮೊದಲ ತಿಂಗಳ ಬಾಡಿಗೆಯಲ್ಲೇ ತೀರ್ತದೆ. ಪಾಸಾದ ಕೂಡಲೇ ಹೇಳು," ಎಂದರು.

ಇದುವರೆಗೆ ನೀರು ತಡೆಯುವುದು ಅಪರಾಧವಾಗಿತ್ತು. ತಾವು ಅದಕ್ಕೊಂದು ದರ ನಿಗದಿ ಮಾಡಿಕೊಡುತ್ತಿದ್ದೀರಿ. ಯಾರನ್ನೂ ಸೆರೆಗೆ ತಳ್ಳುವ ಆಸೆ ನನಗಿಲ್ಲ. ವಿಠಲಣ್ಣ ಒಳಗೆ ಹೋದರೆ ನನಗೂ ಒಬ್ಬ ಗಿರಾಕಿ ನಷ್ಟ. ಆದರೆ ರಾಟೆಯನ್ನು ಮರಳಿ ತಂದ ಆ ಭಯವನ್ನು ತೆಗೆದ ಮೇಲೆ, ಅದರ ಜಾಗದಲ್ಲಿ ಏನಿಟ್ಟಿದ್ದೀರಿ?

ನೀರು ತಡೆದವರಿಗೆ ಜೈಲು ಇರಲಿ. ತೆಗೆಯಲೇಬೇಕೆಂದರೆ, ನೀರು ನಿಂತಷ್ಟು ದಿನವೂ ದಂಡ ಬೀಳಲಿ. ಅದು ಖಜಾನೆಗಲ್ಲ, ನೀರಿಲ್ಲದೆ ಕೂತವನಿಗೆ ಸೇರಲಿ. ಇಲ್ಲವಾದರೆ ಲೆಕ್ಕ ಮುಗಿಯುವುದು ಹೀಗೆ: ಸರಕಾರಕ್ಕೆ ದಂಡದ ಹಣ, ಮೊಬೈಲಿನವರಿಗೆ ಅಂಗಡಿ, ವಿಠಲಣ್ಣನಿಗೆ ಹೆಚ್ಚಿನ ಬಾಡಿಗೆ, ರಾಟೆಗೆ ಕೊನೆಗೂ ಎಣ್ಣೆ, ನನಗೆ ಖಾಲಿ ಕೊಡಪಾನ.

ಇಂತಿ,
ತಮ್ಮ ಕಾನೂನು ಪಾಸಾಗುವವರೆಗೆ ಅಂಬಲಪಾಡಿಯಲ್ಲೇ ಸಿಗುವ
ಅಣ್ಣು