ಟಿವಿ ಕ್ಲೀನ್ ಮಾಡಿದ್ದೀನಿ ಅಕ್ಕ

ಭಾನುವಾರ, ಜೂನ್ ೧೪

ಪ್ರೀತಿಯ ಚಿನಕುರುಳಿ,

ಹೇಗಿದ್ದೀಯ? ನಿನ್ನ ಸೊಂಟನೋವು ಇಳಿಯಿತೇ? ಮೂರು ವಾರದಿಂದ ನಿನ್ನ ಒಂದು ಫೋನನ್ನೂ ಎತ್ತಿಲ್ಲ, ಅದಕ್ಕೆ ಕ್ಷಮೆ ಇರಲಿ. ಕೈ ಬಿಡುವಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಬೇಕೆಂದೇ ಎತ್ತಲಿಲ್ಲ. ಫೋನಿನಲ್ಲಾದರೆ ನೀನು ಮೊದಲು ಅಳುತ್ತೀಯ, ಆಮೇಲೆ ನಾನೇ ನಿನ್ನನ್ನು ಸಮಾಧಾನ ಮಾಡಬೇಕಾಗುತ್ತದೆ. ಚಿಕ್ಕಂದಿನಿಂದ ಇದೇ ಆಯಿತು. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ಕೂತು ಪೂರ್ತಿ ಓದು.

ನಿನ್ನ ಭಾವನಿಗೆ ಪಾರ್ಶ್ವವಾಯು ಹೊಡೆದು ಐದು ತಿಂಗಳಾಯಿತು. ಬಲಗೈ ಇನ್ನೂ ಮರದ ಕೊರಡಿನಂತಿದೆ, ಕಾಲು ಪರವಾಗಿಲ್ಲ. ಹೋದದ್ದು ಮಾತು. ಇಪ್ಪತ್ತಾರು ವರ್ಷ ಜನರಿಗೆ ಕಾರು ಓಡಿಸಲು ಕಲಿಸಿದ ಮನುಷ್ಯ, ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು ಬಾಯಿ ಬಡಿದುಕೊಂಡವರು, ಒಂದು ಲೋಟ ನೀರು ಕೇಳುವುದಕ್ಕೆ ಮೇಜು ಬಡಿಯುವಂತಾಯಿತು. ಇದೆಲ್ಲ ನಿನಗೆ ಗೊತ್ತಿದೆ. ನಿನಗೆ ಗೊತ್ತಿಲ್ಲದ್ದನ್ನು, ಅಲ್ಲ, ನೀನು ಕಿವಿಗೆ ಹಾಕಿಕೊಳ್ಳದ್ದನ್ನು ಹೇಳುತ್ತೇನೆ.

ಏಪ್ರಿಲ್‌ನಲ್ಲಿ ಆಸ್ಪತ್ರೆಯಿಂದ ಮಾತು ಕಲಿಸುವ ಒಬ್ಬ ಹುಡುಗಿ ಬರತೊಡಗಿದಳು. ನಾವು ಅವಳನ್ನು ಟೀಚರ್ ಎನ್ನುತ್ತೇವೆ. ಇವರಿಗೆ ಫೋನು ಹಿಡಿಯಲು ಬಾರದು, ಚಿಕ್ಕ ಚಿತ್ರ ಕಣ್ಣಿಗೆ ಹತ್ತದು. ಅದಕ್ಕೇ ಅವಳು ಒಂದು ಪೆನ್‌ಡ್ರೈವ್ ತಂದು ನಮ್ಮ ಟಿವಿಯಲ್ಲೇ ಅಭ್ಯಾಸದ ಆಪ್ ಹಾಕಿಕೊಟ್ಟಳು. ತೆರೆಯ ಮೇಲೆ ಚಿತ್ರ ಬರುತ್ತದೆ: ಬೀಗದ ಕೈ, ಛತ್ರಿ, ಬಾಚಣಿಗೆ. ಇವರು ರಿಮೋಟಿನ ಮೈಕಿಗೆ ಅದರ ಹೆಸರು ಹೇಳಬೇಕು. ಹೇಳಿದ್ದನ್ನು ಟಿವಿ ತನ್ನೊಳಗೇ ಇಟ್ಟುಕೊಳ್ಳುತ್ತದೆ. ಮನೆಯವರ ಫೋಟೊಗಳನ್ನೂ ಅದಕ್ಕೆ ಹಾಕಿದೆವು.

ಮೊದಲ ಎರಡು ವಾರ ಬರೀ ಗಾಳಿ. ಮೂರನೇ ವಾರ ಛತ್ರಿಯ ಚಿತ್ರ ನೋಡಿ "ಕ್ಲಚ್!" ಎಂದರು. ಟೀಚರ್ ನಕ್ಕಳು, ನಾನು ನಕ್ಕೆ, ಅವರೂ ನಕ್ಕರು. ತಪ್ಪೋ ಸರಿಯೋ, ಅದೊಂದು ಮಾತು! ಅಲ್ಲಿಂದ ಒಂದೊಂದಾಗಿ ಬಂದವು. ಹೀಗೆ ಮೂವತ್ತೊಂಬತ್ತು ದಿನ. ಹಳೆಯ ದಿನದ್ದನ್ನು ಹಾಕಿ ಇವತ್ತಿನದನ್ನು ಕೇಳಿಸಿದರೆ ಅವರ ಬೆನ್ನು ನೆಟ್ಟಗಾಗುತ್ತಿತ್ತು. ತಾನು ಎಲ್ಲಿದ್ದೆ, ಎಲ್ಲಿಗೆ ಬಂದೆ ಎನ್ನುವುದಕ್ಕೆ ಅವರ ಬಳಿ ಇದ್ದ ಸಾಕ್ಷಿ ಅದೊಂದೇ.

ಆಗ ನೀನು ಬಂದೆ. ಎರಡು ದಿನ ಇದ್ದು ಅಕ್ಕನಿಗೆ ಸಹಾಯ ಮಾಡುತ್ತೇನೆ ಎಂದು ಬಂದೆ. ಚಪ್ಪಲಿ ಬಿಡುವಾಗಲೇ ನಿನಗೆ ಹೇಳಿದೆ, "ಟಿವಿಯಲ್ಲಿ ಇವರ ಅಭ್ಯಾಸ ಇದೆ ಕಣೆ, ಸೆಟ್ಟಿಂಗ್ಸ್‌ಗೆ ಕೈ ಹಾಕಬೇಡ." ನೀನು "ಹ್ಞೂಂ ಹ್ಞೂಂ" ಅಂದೆ. ನಿನ್ನ ಹ್ಞೂಂ ನನಗೆ ಗೊತ್ತಿರಬೇಕಿತ್ತು. ನಿಮ್ಮ ಮುಂದೆ ತೊದಲಲು ನಾಚಿಕೆಯಾಗಿ ಅವರು ಆ ಎರಡು ದಿನ ಅಭ್ಯಾಸಕ್ಕೆ ಕೂರಲಿಲ್ಲ. ಟಿವಿ ಪೂರ್ತಿ ನಿನ್ನದಾಯಿತು. ನಿನ್ನ ಧಾರಾವಾಹಿಗೆ ಒಂದು ಆಪ್, ಜೊತೆಗೆ ಬಂದ ನಿನ್ನ ಗಂಡನ ಕ್ರಿಕೆಟ್ಟಿಗೆ ಒಂದು, ಹಾಡಿಕೊಳ್ಳಲು ಇನ್ನೊಂದು. ಹೊರಡುವಾಗ ಚೀಲ ಹೆಗಲಿಗೇರಿಸಿಕೊಂಡು, ಏನೋ ದೊಡ್ಡ ಉಪಕಾರ ಮಾಡಿದವಳಂತೆ ಹೇಳಿದೆ: "ಟಿವಿ ಕ್ಲೀನ್ ಮಾಡಿದ್ದೀನಿ ಅಕ್ಕ. ಬೇಡದ್ದೆಲ್ಲ ತುಂಬ್ಕೊಂಡಿತ್ತು."

ಸೋಮವಾರ ಬೆಳಗ್ಗೆ ಅವರನ್ನು ಕುರ್ಚಿಯಲ್ಲಿ ಕೂರಿಸಿ ಟಿವಿ ಹಾಕಿದೆ. ಆಪ್ ಇದ್ದ ಜಾಗದಲ್ಲಿ ಬ್ಯಾಟು ಹಿಡಿದವನೊಬ್ಬ ನಿಂತಿದ್ದ. ಹುಡುಕಿದೆ, ಪ್ಲಗ್ ಕಿತ್ತು ಮತ್ತೆ ಹಾಕಿದೆ, ಮತ್ತೆ ಹುಡುಕಿದೆ. ನಿನಗೆ ಫೋನ್ ಮಾಡಿದರೆ ಏನಂದೆ, ನೆನಪಿದೆಯೇ? "ಓ, ಅದಾ? ಜಾಗ ಇಲ್ಲ ಅಂತ ಬಂತು, ತೆಗೆದೆ. ಒಂದು ಆಪ್ ತಾನೆ ಅಕ್ಕ, ಮತ್ತೆ ಹಾಕ್ಕೊಂಡ್ರಾಯ್ತು!" ಆಗ ಫೋನ್ ಇಟ್ಟವಳು ಇವತ್ತು ಈ ಕಾಗದ ತೆಗೆದುಕೊಂಡಿದ್ದೇನೆ.

ಮರುದಿನ ಸರ್ವೀಸ್ ಸೆಂಟರಿಗೆ ಹೋದೆ. ಅಲ್ಲಿಯ ಟೆಕ್ನೀಷಿಯನ್ ತಲೆ ಎತ್ತದೆ ಕೇಳಿದ, "ಸಿನಿಮಾ ಆಪಾ ಅಮ್ಮಾ?" ನಾನು ಎಲ್ಲವನ್ನೂ ಹೇಳಿದೆ. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. "ಫೋನಲ್ಲಾಗಿದ್ರೆ ಏನಾದ್ರೂ ನೋಡ್ಬೋದಿತ್ತು. ಟಿವೀಲಿ ಜಾಗಾನೇ ಕಮ್ಮಿ. ಆಪ್ ತೆಗೆದ್ರೆ ಅದರೊಳಗಿದ್ದದ್ದೂ ಹೋಯ್ತು. ಮೇಲೆ ಮೂರು ಆಪ್ ಬೇರೆ ಹಾಕಿದಾರೆ. ಬರಲ್ಲ ಅಮ್ಮಾ." ಪಾಪ, ಮೆಲ್ಲಗೇ ಹೇಳಿದ. ನಾನು ಮಾತ್ರ ಆ ಅಂಗಡಿಯಲ್ಲಿ, ನಾಲ್ಕು ಜನರ ಎದುರಿಗೆ, ಅವನ ಮೇಲೆ ಕೂಗಾಡಿದೆ. ನಿನಗೆ ಸಲ್ಲಬೇಕಾದ ಬೈಗುಳವನ್ನೆಲ್ಲ ಅವನು ತಿಂದ.

ಬುಧವಾರ ನಾನೇ ಕೂತೆ. ಟೀಚರ್ ಫೋನಿನಲ್ಲಿ ಹೇಳಿದಳು, ನಾನು ಒತ್ತಿದೆ. ಪೆನ್‌ಡ್ರೈವ್ ಚುಚ್ಚಿದರೆ ಟಿವಿ ಒಪ್ಪಲಿಲ್ಲ, ಗೊತ್ತಿಲ್ಲದ ಕಡೆಯಿಂದ ಬಂದ ಆಪ್ ಅಂತೆ. ಸೆಟ್ಟಿಂಗ್ಸ್‌ನೊಳಗೆ ಸೆಕ್ಯೂರಿಟಿ, ಅದರೊಳಗೆ ಅನುಮತಿ, ಅದನ್ನು ಕೊಟ್ಟರೆ ಈಗ ಜಾಗ ಇಲ್ಲ. ಆಗ ನಿನ್ನ ಮೂರು ಆಪ್‌ಗಳ ಪಟ್ಟಿಗೆ ಹೋದೆ. ಧಾರಾವಾಹಿಯ ಮೇಲೆ 'ತೆಗೆ' ಎಂದು ಒತ್ತಿದೆ. ತೆರೆಯ ಮೇಲೆ ಬಂತು: ಇದರ ಎಲ್ಲ ಮಾಹಿತಿಯೂ ಅಳಿಸಿಹೋಗುತ್ತದೆ, ಖಚಿತವೇ?

ಕೈ ಅಲ್ಲೇ ನಿಂತಿತು. ನಿನಗೂ ಹೀಗೇ ಕೇಳಿತ್ತಲ್ಲವೇ? ಒಂದು ಯಂತ್ರಕ್ಕಿರುವಷ್ಟು ದಾಕ್ಷಿಣ್ಯ ನಿನಗಿರಲಿಲ್ಲ. ಪಕ್ಕದ ಕೋಣೆಯಲ್ಲೇ ಇದ್ದೆ ನಾನು. "ಅಕ್ಕಾ, ಇದೇನಿದು?" ಎಂದು ಒಂದು ಕೂಗು ಹಾಕಲು ನಿನಗೆ ಏನು ಧಾಡಿಯಾಗಿತ್ತು? ಮೂರನ್ನೂ ತೆಗೆದೆ. ಖಚಿತ, ಖಚಿತ, ಖಚಿತ. ಅಷ್ಟು ಗಟ್ಟಿಯಾಗಿ ಒತ್ತಿದ್ದಕ್ಕೆ ರಿಮೋಟಿನ ಗುಂಡಿ ಈಗ ಸಡಿಲವಾಗಿದೆ.

ಆಪ್ ಬಂತು. ತೆರೆದರೆ 'ದಿನ ೧' ಎಂದಿತ್ತು. ಅವರು ನೋಡಿದರು. ಎಡಗೈಯ ಬೆರಳುಗಳನ್ನು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ, ಮೂವತ್ತೊಂಬತ್ತು ತೋರಿಸಲು ನೋಡಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ರಿಮೋಟನ್ನು ನನ್ನ ಮಡಿಲಿಗೆ ಹಾಕಿ ಗೋಡೆಯ ಕಡೆ ತಿರುಗಿದರು. ಎಂಟು ದಿನ ಬಾಯಿ ಬಿಡಲಿಲ್ಲ. ನೀರಿಗೆ ಮತ್ತೆ ಮೇಜು ಬಡಿದರು.

ಒಂಬತ್ತನೆಯ ದಿನ ಟೀಚರ್ ಬಂದು ಅವರ ಎದುರು ಕೂತಳು. "ಸರ್, ಟಿವೀಲಿ ಹೋಯ್ತು, ನಾಲಿಗೇಲಿ ಇದೆಯಲ್ಲ. ನೋಡೋಣ, ಇದೇನು?" ಎಂದು ಬೀಗದ ಕೈ ತೋರಿಸಿದಳು. ಅವರು ಸಿಟ್ಟಿನಿಂದಲೇ "ಕೈ" ಎಂದರು. ಈಗ ಮತ್ತೆ ಶುರುವಾಗಿದೆ. ಈ ಸಲ ಮಾತುಗಳು ಬೇಗ ಬೇಗ ಬರುತ್ತಿವೆ ಎನ್ನುತ್ತಾಳೆ ಟೀಚರ್.

ಆದ್ದರಿಂದ ಅಕ್ಕನ ಬಾಳು ಹಾಳು ಮಾಡಿದೆ ಎಂದು ನೀನು ಎದೆ ಬಡಿದುಕೊಳ್ಳಬೇಕಾಗಿಲ್ಲ. ಆದರೆ "ಒಂದು ಆಪ್ ತಾನೆ" ಎಂಬ ಮಾತನ್ನು ನೀನು ವಾಪಸು ತೆಗೆದುಕೊಳ್ಳಬೇಕು. ಅಲ್ಲಿಯವರೆಗೆ ನನ್ನ ಮನೆಗೆ ಬರಬೇಡ. ಇದನ್ನು ಬರೆಯಲು ನನಗೆ ಖುಷಿಯಿಲ್ಲ, ಆದರೂ ಬರೆದಿದ್ದೇನೆ.

ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೋ, ಭಾರ ಎತ್ತಬೇಡ. ನಿನ್ನ ಗಂಡನಿಗೂ ಮಗಳಿಗೂ ಒಳ್ಳೆಯದಾಗಲಿ. ಕೋಪವೂ ಇದೆ, ಆಶೀರ್ವಾದವೂ ಇದೆ, ಎರಡನ್ನೂ ಒಂದೇ ಲಕೋಟೆಗೆ ಹಾಕಿದ್ದೇನೆ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದಿದ್ದೆ. ಫೋಟೊ ತೋರಿಸಿದರೆ ಅವರು ಎಲ್ಲರನ್ನೂ ಗುರುತಿಸಿ ಕರೆಯುತ್ತಿದ್ದರು. ನಿನ್ನ ಫೋಟೊಗೆ "ಚಿನಕುರುಳಿ" ಎಂದು ಸ್ಪಷ್ಟವಾಗಿ ಹೇಳುತ್ತಿದ್ದರು. ನನ್ನದಕ್ಕೆ ಮಾತ್ರ, ಕಾರು ಕಲಿಯಲು ಬಂದವರನ್ನು ಕರೆದಂತೆ, "ಮೇಡಂ" ಎನ್ನುತ್ತಿದ್ದರು. ಈಗಲೂ ಹಾಗೇ ಎನ್ನುತ್ತಾರೆ. ಇದನ್ನು ನಾನು ಯಾರಿಗೂ ಹೇಳಿಲ್ಲ. ನೀನು ಬರುವ ಮುಂಚಿನ ಗುರುವಾರ, ಮೂವತ್ತೆಂಟನೇ ದಿನ, ಅವರೊಬ್ಬರೇ ಅಭ್ಯಾಸ ಮಾಡಿದರು. ಆಸ್ಪತ್ರೆಯ ಪರದೆಗಳನ್ನು ಹೊಲಿದು ಕೊಡುವ ಅವಸರದಲ್ಲಿ ನಾನು ಯಂತ್ರ ತುಳಿಯುತ್ತಿದ್ದೆ, ಆ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಶುಕ್ರವಾರ ಮನೆಗೆ ಬಂದ ಟೀಚರ್ ಟಿವಿಯಲ್ಲಿ ಅದನ್ನು ಕೇಳಿ ನನ್ನ ಬಳಿಗೆ ಓಡಿ ಬಂದಳು. "ನಿಮ್ಮ ಫೋಟೊ ಬಂದಾಗ ಸರ್ ಏನಂದಿದಾರೆ ಗೊತ್ತಾ? ನಾನ್ ಹೇಳಲ್ಲ, ನೀವೇ ಕೇಳಿ." ನೀನು ಬರುವವಳಿದ್ದೆ, ಮನೆ ಗುಡಿಸಬೇಕಿತ್ತು. ನೀನು ಹೋದ ಮೇಲೆ ಒಬ್ಬಳೇ ಕೂತು ಕೇಳೋಣ ಎಂದು ಇಟ್ಟುಕೊಂಡೆ. ಟೀಚರನ್ನು ಕೇಳಿದರೆ ಈಗಲಾದರೂ ಹೇಳಿಯಾಳು. ಕೇಳಿಲ್ಲ. ಅದು ಅವಳ ಬಾಯಿಂದ ಬರಬೇಕಾದ ಮಾತಲ್ಲ.