ಕೌಂಟನ ಮನೆಯ ಸಾರಿನ ಬಟ್ಟಲು

ಬಾಂಬೆರ್ಗ್
೧೭ ಸೆಪ್ಟೆಂಬರ್ ೨೦೧೯

ಪ್ರೀತಿಯ ರೋಸಿ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಪ್ರವಾಸದಿಂದ ಬಂದ ಮರುದಿನವೇ ಎಲ್ಲವನ್ನೂ ಬರೆಯುತ್ತೇನೆಂದು ಮಾತು ಕೊಟ್ಟು ಹೋದವಳು, ಐದು ವಾರ ಕಳೆದ ಮೇಲೆ ಈಗ ಕೂತಿದ್ದೇನೆ. ನೀನು ಎರಡು ಸಲ ಫೋನ್ ಮಾಡಿದ್ದೆ. ನಾನೇ ಎತ್ತಲಿಲ್ಲ. ನಿನ್ನ ಬೀದಿಗೂ ನಮ್ಮ ಬೀದಿಗೂ ನಡುವೆ ಇರುವುದು ಒಂದು ಸೇತುವೆ ಅಷ್ಟೇ, ನಡೆದುಕೊಂಡೇ ಬರಬಹುದಿತ್ತು. ಆದರೆ ಬಂದರೆ ನೀನು ಕಾಫಿ ಮಾಡುತ್ತೀಯ, ಪ್ಲಮ್ ಹಣ್ಣಿನ ಕೇಕ್ ಕತ್ತರಿಸುತ್ತೀಯ, ನಾನು ಹಾಳು ದಾಕ್ಷಿಣ್ಯಕ್ಕೆ ತಿಂದು, ಹೇಳಬೇಕಾದದ್ದನ್ನು ನುಂಗಿಕೊಂಡು ಎದ್ದು ಬರುತ್ತೇನೆ. ಶಾಲೆಯ ದಿನದಿಂದಲೂ ಹಾಗೇ ಮಾಡಿದ್ದೇನೆ. ಈ ಸಲ ಅಂಚೆಯವನೇ ತಂದುಕೊಡಲಿ.

ಮೊದಲು ಪ್ರವಾಸದ ಸುದ್ದಿ. ಮದುವೆಯಾಗಿ ಮೂವತ್ತೆಂಟು ವರ್ಷವಾಯಿತು, ಮೊಣಕಾಲು ಇನ್ನೂ ಮಾತು ಕೇಳುವಾಗಲೇ ನೋಡುವುದೆಲ್ಲ ನೋಡಿಬಿಡೋಣ ಎಂದು ಹಟ ಹಿಡಿದವನು ಲೋಥರನೇ. ಕಾರಿನಲ್ಲಿ ಕೋಲ್ಮಾರಿಗೆ ಹೋದೆವು, ಅಲ್ಲಿಂದ ಲಕ್ಸೆಂಬರ್ಗ್, ಟ್ರಿಯರ್, ಆಮೇಲೆ ಮೊಸೆಲ್ ನದಿಯ ದಂಡೆ ಹಿಡಿದು ಕೆಳಕ್ಕೆ. ಬೆಳಿಗ್ಗೆ ಒಂದು ಕೋಟೆ, ಮಧ್ಯಾಹ್ನ ಒಂದು ಮ್ಯೂಸಿಯಂ. ಬಾಟಲಿಯ ಬಿರಡೆ ತೆಗೆಯುವ ತಿರುಪುಗಳಿಗೇ ಒಂದು ಮ್ಯೂಸಿಯಂ ಇತ್ತು. ಲೋಥರ್ ಅಲ್ಲಿ ಎರಡು ಗಂಟೆ ನಿಂತ. ನಾನು ಹೊರಗೆ ಬೆಂಚಿನ ಮೇಲೆ ಚೆರ್ರಿ ತಿನ್ನುತ್ತ ಕೂತೆ. ನಿಜ ಹೇಳುತ್ತೇನೆ ರೋಸಿ, ಆ ಒಂಬತ್ತು ದಿನ ನಾನು ತುಂಬ ಸುಖವಾಗಿದ್ದೆ. ನಿನಗೆಂದು ಕೋಲ್ಮಾರಿನಲ್ಲಿ ಲೇಸಿನ ಕಾಲರ್ ಕೂಡ ಕೊಂಡೆ.

ಹರೆಯದಿಂದಲೂ ಬೆಟ್ಟ ಹತ್ತುವಾಗ ಹಿಡಿಯುವ ಲೋಥರನ ಕೋಲು ನಿನಗೆ ಗೊತ್ತಲ್ಲ. ಹೋದ ಕೋಟೆಯಲ್ಲೆಲ್ಲ ಆ ಕೋಟೆಯ ಚಿತ್ರವಿರುವ ತಗಡಿನ ಬಿಲ್ಲೆಯೊಂದನ್ನು ಕೊಂಡು, ಅಲ್ಲೇ ಕೂತು ಎರಡು ಪುಟ್ಟ ಮೊಳೆಯಿಂದ ಕೋಲಿಗೆ ಹೊಡೆದು, ಅದರ ಕೆಳಗೆ ಸೂಜಿಯಿಂದ ತಾರೀಖು ಗೀಚಿದರೆ ಮಾತ್ರ ಅವನಿಗೆ ಕೋಟೆ ನೋಡಿದ ಹಾಗೆ. ಒಮ್ಮೆ ಹೊಡೆದ ಬಿಲ್ಲೆಯನ್ನು ಮತ್ತೆ ಹೊಡೆಯುವಂತಿಲ್ಲ. "ಅದು ಮೋಸ ಕಣೆ" ಎನ್ನುತ್ತಾನೆ. ಕೋಲಿನ ವಿಷಯದಲ್ಲಿ ಅವನದು ಅಷ್ಟು ನಿಯತ್ತು.

ಹತ್ತನೇ ದಿನ ಕೋಹೆಮ್ ಕೋಟೆ ಹತ್ತಿದೆವು. ಮೇಲೆ ತಲುಪುವಷ್ಟರಲ್ಲಿ ನನಗೆ ಏದುಸಿರು. ಅಂಗಡಿಯಲ್ಲಿ ನಾನೇ ಬಿಲ್ಲೆ ಆರಿಸಿ ಅವನ ಮುಂದೆ ಹಿಡಿದು, "ತಗೋ, ನಿನ್ನ ನೈವೇದ್ಯ" ಎಂದೆ.

ಅವನು ಕನ್ನಡಕ ಒರೆಸುತ್ತಿದ್ದ. ನನ್ನ ಕಡೆ ನೋಡದೆಯೇ, "ಬೇಡ ಬಿಡು, ಅದು ಇದೆ" ಎಂದ.

"ಎಲ್ಲಿದೆ? ನಾವು ಇಲ್ಲಿಗೆ ಬಂದೇ ಇಲ್ವಲ್ಲ."

ಕನ್ನಡಕ ಒರೆಸುತ್ತಿದ್ದ ಕೈ ನಿಂತಿತು. ಅಂಗಡಿಯಾಕೆ, "ಕೊಡ್ಲಾ, ಬೇಡ್ವಾ ಅಮ್ಮ?" ಎಂದಳು. "ಒಂದ್ನಿಮಿಷ ತಾಳಿ, ಇವರು ಏನೋ ಜ್ಞಾಪಿಸ್ಕೊಳ್ತಿದ್ದಾರೆ" ಎಂದೆ.

ಹೊರಗೆ ಬಂದು ಅವನ ಕೈಯಿಂದ ಕೋಲು ಕಿತ್ತುಕೊಂಡೆ. ಬಿಲ್ಲೆಗಳನ್ನು ಒಂದೊಂದಾಗಿ ನೋಡಿದೆ, ಎಂಬತ್ತನಾಲ್ಕಿದ್ದವು, ಕೋಹೆಮ್ ಇರಲಿಲ್ಲ. ಹಿಡಿಯ ಕೆಳಗೆ, ಕೈ ಜಾರಬಾರದೆಂದು ಅವನೇ ಸುತ್ತಿದ್ದ ಚರ್ಮದ ಪಟ್ಟಿಯನ್ನು ಉಗುರಿನಿಂದ ಬಿಡಿಸಿದೆ. ಅದರಡಿ ಇತ್ತು. ಕೆಳಗೆ ತಾರೀಖೂ ಇತ್ತು. ಆ ತಾರೀಖಿನ ಮಾತು ಆಮೇಲೆ. ನೋಡು, ಈ ಮಹಾನುಭಾವನಿಗೆ ಮುಚ್ಚಿಡುವ ಬುದ್ಧಿ ಇತ್ತು, ಹೊಡೆಯದೆ ಬಿಡುವ ಬುದ್ಧಿ ಇರಲಿಲ್ಲ.

"ಯಾರ ಜೊತೆ ಬಂದಿದ್ದೆ?" ಎಂದು ಕೇಳಿದೆ.

"ಹಳೇ ಕಥೆ ಹೆಡಿ. ಮೂವತ್ತಾರು ವರ್ಷ ಆಯ್ತು."

"ವರ್ಷ ಎಣಿಸೋದು ನನಗೂ ಬರುತ್ತೆ. ಹೆಸರು ಹೇಳು."

"ರೋಸಿ" ಎಂದ. ಆಮೇಲೆ, "ಅದೊಂದೇ ಸಲ. ಮೂರೇ ದಿನ. ಅಷ್ಟಕ್ಕೇ ಇಬ್ಬರೂ ಸಾಕು ಮಾಡಿದ್ವಿ" ಎಂದ, ಯಾರೋ ಅವನಿಗೆ ಶಾಲು ಹೊದಿಸಿ ಸನ್ಮಾನ ಮಾಡಬೇಕೆನ್ನುವ ಹಾಗೆ.

ನನಗೆ ಅಳು ಬರಲಿಲ್ಲ. ಮೈಯೆಲ್ಲ ಉರಿದುಹೋಯಿತು. ನಿನ್ನ ಜುಟ್ಟು ಹಿಡಿದು ಆ ಕೋಟೆಯ ಮೆಟ್ಟಿಲಿನ ಮೇಲೆ ದರದರ ಎಳೆದುಕೊಂಡು ಇಳಿಯಬೇಕು ಅನ್ನಿಸಿತು. ನಿನ್ನ ಲೇಸಿನ ಕಾಲರನ್ನು ಅಲ್ಲೇ ಕಸದ ಡಬ್ಬಿಗೆ ಹಾಕಿದೆ. ಲೋಥರ್ ಮನೆಗೆ ವಾಪಸು ಹೋಗೋಣ ಎಂದ. "ಯಾಕೆ ಹೋಗ್ಬೇಕು? ಇನ್ನೂ ಒಂದು ಮ್ಯೂಸಿಯಂ ಬಾಕಿ ಇದೆ, ಗಾಡಿ ಬಿಡು" ಎಂದೆ. ಆ ಮಾತು ನನ್ನ ಬಾಯಲ್ಲಿ ಯಾವ ದೇವರು ಆಡಿಸಿದನೋ, ಅವನಿಗೆ ದಿನವೂ ಕೈ ಮುಗಿಯುತ್ತಿದ್ದೇನೆ.

ಅದು ನದಿಯ ಆಚೆ ದಡದ ಸಣ್ಣ ಊರು. ಹಳೆಯ ಗಿರಣಿಯೊಂದರಲ್ಲಿ ಮೂತ್ರದ ಪಾತ್ರೆಗಳ ಮ್ಯೂಸಿಯಂ. ನಗಬೇಡ, ಬಹಳ ಅಚ್ಚುಕಟ್ಟಾಗಿದೆ. ರಾಜರ ಮಂಚದ ಕೆಳಗಿದ್ದವು, ಸೈನಿಕರವು, ಒಳಗೆ ಶತ್ರುವಿನ ಮುಖ ಬರೆಸಿಟ್ಟುಕೊಂಡವು, ಎಲ್ಲ ಇವೆ. ಮೂರನೇ ಕಪಾಟಿನ ಮುಂದೆ ನಾನು ಕಾಲು ಕಿತ್ತಿಡಲಾರದೆ ನಿಂತೆ. ನಮ್ಮ ಮನೆಯ ಸಾರಿನ ಬಟ್ಟಲು ಅಲ್ಲಿತ್ತು, ಅದರ ಅವಳಿ. ಅದೇ ದೋಣಿಯಾಕಾರ, ಅದೇ ಹಿಡಿ, ಅದೇ ಗುಲಾಬಿ ಹೂ, ಅದೇ ಚಿನ್ನದ ಅಂಚು. ನೀನು ನಮ್ಮ ಮದುವೆಗೆ ಕೊಟ್ಟದ್ದು.

ನೋಡಿಕೊಳ್ಳುವವರು ಎಂಗೆಲ್ಬೆರ್ಟ್ ಕ್ನಾಪ್ ಅಂತ ಒಬ್ಬ ಮುದುಕ. "ಇದು ಸಾರಿನ ಬಟ್ಟಲಲ್ವಾ?" ಎಂದು ಕೇಳಿದೆ.

"ಎಲ್ರೂ ಹಂಗೇ ಅಂತಾರೆ ತಾಯಿ" ಎಂದು ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಆ ಕಾಲದಲ್ಲಿ ಇಗರ್ಜಿಲಿ ಪಾದ್ರಿ ಎರಡೆರಡು ಗಂಟೆ ಕೊರೀತಿದ್ದ. ದೊಡ್ಡ ಮನೆ ಹೆಂಗಸ್ರು ಮಧ್ಯ ಎದ್ದು ಹೋಗೋ ಹಂಗಿಲ್ಲ. ದಾಸಿ ಇದನ್ನ ಲಂಗದ ಕೆಳಗೆ ತೂರಿಸೋಳು, ಕೆಲಸ ಮುಗೀತಿತ್ತು. ಯಾಕೆ, ನಿಮ್ಮನೇಲೂ ಇದ್ಯಾ?"

"ಇದೆ. ಪ್ರತಿ ಭಾನುವಾರ ಊಟಕ್ಕೆ ಇಡ್ತೀವಿ" ಎಂದೆ. ಪಾಪ, ಅವರಿಗೆ ಕೆಮ್ಮು ಹತ್ತಿಕೊಂಡಿತು.

ರೋಸಿ, ನೀನು ನಮ್ಮೂರಿನ ಪಿಂಗಾಣಿ ಸಂಘದ ಅಧ್ಯಕ್ಷೆ. ಇಪ್ಪತ್ತೆರಡು ವರ್ಷದಿಂದ. ಯಾರ ಮನೆಗೆ ಹೋದರೂ ತಟ್ಟೆ ಮಗುಚಿ, ತಳದ ಗುರುತು ನೋಡಿ, ಬೆಪ್ಪರಿಗೆ ಪಾಠ ಮಾಡುವವಳು. ಈ ಬಟ್ಟಲು ಯಾವನೋ ದೊಡ್ಡ ಜಮೀನ್ದಾರ ಕೌಂಟನ ಊಟದ ಮೇಜಿನಿಂದ ಬಂದದ್ದೆಂದು ನಿನ್ನ ಪುಸ್ತಿಕೆಯ ಹನ್ನೆರಡನೇ ಪುಟದಲ್ಲಿ ಫೋಟೋ ಸಮೇತ ಬರೆದಿದ್ದೀಯ. ಕ್ರಿಸ್‌ಮಸ್ಸಿಗೆ ನಮ್ಮಲ್ಲಿ ಬಾತುಕೋಳಿ ಹುರಿದಾಗಲೆಲ್ಲ ಸಾರು ಬಡಿಸುವ ಹಕ್ಕು ನಿನ್ನದೇ. ತಳದಲ್ಲಿ ಉಳಿದ ತೊಟ್ಟನ್ನು ಬ್ರೆಡ್ಡಿನಿಂದ ಒರೆಸಿ ತಿನ್ನುವುದೂ ನೀನೇ. ಅದು ನೆನಪಾಗಿ, ಕೋಟೆಯಿಂದ ಇಳಿದ ಮೇಲೆ ಮೊದಲ ಸಲ ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಪತ್ರ ತಡವಾದದ್ದು ಇದಕ್ಕೇ. ಊರಿಗೆ ಬಂದು, ಬಟ್ಟಲನ್ನು ಚೆನ್ನಾಗಿ ತೊಳೆದು, ಮೂರು ಟವೆಲಿನಲ್ಲಿ ಸುತ್ತಿ, ಮತ್ತೆ ಅಷ್ಟು ದೂರ ಹೋಗಿ ಆ ಮ್ಯೂಸಿಯಂಗೆ ಕೊಟ್ಟು ಬಂದೆವು. ಕಪಾಟಿನಲ್ಲಿ ಬಟ್ಟಲಿನ ಮುಂದೆ ಇಡುವ ಚೀಟಿ ಬರೆಯಲು ಲೋಥರನನ್ನೇ ಕೂರಿಸಿದೆ. ನಲವತ್ತು ವರ್ಷ ಭೂಪಟ ಬರೆದ ಕೈ, ಅಚ್ಚು ಹಾಕಿದ ಹಾಗೆ ಅಕ್ಷರ.

"ಹೆಡಿ, ಇದೊಂದು ಬೇಡ" ಎಂದು ಗೋಗರೆದ.

"ಕೋಲಿನ ಮೇಲೆ ಸೂಜೀಲಿ ಬರೆಯೋಕೆ ಬರುತ್ತೆ, ಕಾಗದದ ಮೇಲೆ ಪೆನ್ನಲ್ಲಿ ಬರೆಯೋಕೆ ಏನು ಧಾಡಿ? ಬರಿ."

ಬರೆದ. "ಮಹಿಳೆಯರ ಮೂತ್ರದ ಪಾತ್ರೆ. ಬಾಂಬೆರ್ಗಿನ ಪಿಂಗಾಣಿ ಸಂಘದ ಅಧ್ಯಕ್ಷೆ ಶ್ರೀಮತಿ ರೋಸ್ವಿಟಾ ಹೋನ್‌ಷ್ಟೆಟ್ ಇದನ್ನು ಕೌಂಟನ ಮನೆಯ ಸಾರಿನ ಬಟ್ಟಲೆಂದು ಗುರುತಿಸಿದ್ದರು. ಮೂವತ್ತೆಂಟು ವರ್ಷ ಇದರಲ್ಲಿ ಸಾರು ಉಂಡರು." ಪಕ್ಕದಲ್ಲಿ ನಿನ್ನ ಪುಸ್ತಿಕೆಯನ್ನು ಹನ್ನೆರಡನೇ ಪುಟಕ್ಕೆ ತೆರೆದು ಇಟ್ಟಿದ್ದಾರೆ. ಅಕ್ಷರ ಯಾರದೆಂದು ನಿನಗೆ ನೋಡಿದ ಕೂಡಲೇ ತಿಳಿಯುತ್ತದೆ.

ಹೇಗೂ ನೀನು ಅದನ್ನು ನೋಡಲಿದ್ದೀಯ. ಅಕ್ಟೋಬರ್ ಹನ್ನೆರಡಕ್ಕೆ ಸಂಘದ ಪ್ರವಾಸವಿದೆಯಲ್ಲ, ಅದರ ಏರ್ಪಾಡು ಪ್ರತಿವರ್ಷದಂತೆ ನನ್ನದೇ. ಬಸ್ಸು ಅಲ್ಲಿಗೇ ಹೋಗುತ್ತದೆ. ನಲವತ್ತಾರು ಜನ ಹೆಸರು ಕೊಟ್ಟಿದ್ದಾರೆ. "ಹೆಡಿ ಎಲ್ಲಿಗೆ ಕರ್ಕೊಂಡು ಹೋದ್ರೂ ನಾನು ರೆಡಿ" ಎಂದು ಎಲ್ಲರಿಗಿಂತ ಮೊದಲು ಸಹಿ ಹಾಕಿದವಳು ನೀನು. ಮೂರನೇ ಕಪಾಟಿನ ಮುಂದೆ ನಮ್ಮ ಅಧ್ಯಕ್ಷೆ ನಾಲ್ಕು ಮಾತಾಡುತ್ತಾರೆಂದು ಕ್ನಾಪ್ ಅವರಿಗೆ ಹೇಳಿಟ್ಟಿದ್ದೇನೆ. ಬಂದರೆ ಓದಿಕೊಂಡು ನಿಲ್ಲಬೇಕು. ಬಾರದಿದ್ದರೆ ಯಾಕೆ ಬರಲಿಲ್ಲವೆಂದು ಎಲ್ಲರೂ ಕೇಳುತ್ತಾರೆ, ನಾನು ಬಸ್ಸಿನ ಮೈಕಿನಲ್ಲಿ ಹೇಳುತ್ತೇನೆ. ಯಾವುದಾದರೂ ಸರಿ, ನನಗೆ ಅವಸರವಿಲ್ಲ.

ಲೋಥರ್ ಚೆನ್ನಾಗಿದ್ದಾನೆ. ಕೋಲು ನನ್ನ ಬೀರುವಿನಲ್ಲಿದೆ, ಅವನು ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತಾನೆ. ಭಾನುವಾರದ ಮಾಂಸವನ್ನು ಸಾರಿಲ್ಲದೆ ಒಣಒಣವಾಗಿಯೇ ತಿನ್ನುತ್ತಾನೆ.

ನಿನ್ನ ಮಂಡಿ ಬೇಗ ವಾಸಿಯಾಗಲಿ, ಆ ದಿನ ನಿಂತು ಮಾತಾಡಬೇಕಲ್ಲ. ದೇವರು ನಿನಗೆ ದೀರ್ಘಾಯುಸ್ಸು ಕೊಡಲಿ. ಇದನ್ನು ಮನಸಾರೆ ಹೇಳುತ್ತಿದ್ದೇನೆ. ನೀನು ಬೇಗ ಸತ್ತು ತಪ್ಪಿಸಿಕೊಳ್ಳುವುದು ನನಗೆ ಬೇಡ.

ಇಂತಿ
ಹೆಡ್ವಿಗ್

ಮರೆತದ್ದು: ತಾರೀಖಿನ ಮಾತು ಆಮೇಲೆ ಅಂದಿದ್ದೆ. ಬಿಲ್ಲೆಯ ಕೆಳಗೆ ಗೀಚಿದ್ದು ೧೧ ಜೂನ್ ೧೯೮೩. ಏಳನೇ ತಿಂಗಳಿಗೇ ಹುಟ್ಟಿದ ನನ್ನ ಮಗಳು ಮೂರು ದಿನ ಬದುಕಿದ್ದು, ಹೋದದ್ದು ಆ ದಿನ. ಲೋಥರ್ ತರಬೇತಿಗೆಂದು ಹೇಳಿ ಹೋಗಿದ್ದ, ಎಲ್ಲಿ ಹುಡುಕಿದರೂ ಸಿಗಲಿಲ್ಲ. ನಿನ್ನನ್ನಾದರೂ ಕರೆಸಿ ಎಂದು ನರ್ಸಮ್ಮನ ಕೈ ಹಿಡಿದು ಬೇಡಿಕೊಂಡೆ. ರೋಸಿ ಜ್ವರದಲ್ಲಿ ಮಲಗಿದ್ದಾಳೆ ಎಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದರಂತೆ. ಮುಂದಿನ ವಾರ ನೀನು ಬಿಳಿ ಹೂ ಹಿಡಿದು ಬಂದೆ, "ಜ್ವರ ಇಲ್ದಿದ್ರೆ ತೆವಳ್ಕೊಂಡಾದ್ರೂ ಬರ್ತಿದ್ದೆ ಕಣೆ" ಎಂದು ಅತ್ತೆ. ನಾನು ಹಾಸಿಗೆಯಿಂದ ಎದ್ದು ಕೂತು ನಿನ್ನ ಕಣ್ಣು ಒರೆಸಿದೆ. ಗಂಡನನ್ನು ಮೂರು ದಿನ ಕದ್ದದ್ದಕ್ಕೆ ಆ ಬಟ್ಟಲು ಸಾಕು, ಅದರ ಲೆಕ್ಕ ಮುಗಿಯಿತು. ಇದು ಬೇರೆ. ಆವತ್ತು ಮಗುವಿನ ನೆತ್ತಿಗೆ ಜ್ಞಾನಸ್ನಾನದ ನೀರು ಹಾಕುವಾಗ ನರ್ಸಮ್ಮ ಹೆಸರು ಕೇಳಿದರು. ನನಗೆ ಬಾಯಿಗೆ ಬಂದದ್ದು ಒಂದೇ ಹೆಸರು, ನಿನ್ನದು. ಆ ಹೆಸರಿನ ಸಮಾಧಿಯ ಕಲ್ಲಿಗೆ ಪ್ರತಿ ನವೆಂಬರಿನಲ್ಲಿ, ಸತ್ತವರ ಹಬ್ಬದ ದಿನ, ನನ್ನ ಜೊತೆ ಬಂದು ಮೇಣದ ಬತ್ತಿ ಹಚ್ಚುತ್ತಿದ್ದೆಯಲ್ಲ. ಕಳೆದ ಮಂಗಳವಾರ ಕಲ್ಲುಕುಟಿಗ ಆ ಹೆಸರನ್ನು ಉಜ್ಜಿ ತೆಗೆದ. ಈಗ ಅಲ್ಲಿ ನನ್ನ ಅಮ್ಮನ ಹೆಸರಿದೆ. ಈ ನವೆಂಬರಿನಲ್ಲಿ ಬರಬೇಡ. ಬಂದರೂ ನಿನಗೆ ಅವಳು ಸಿಗುವುದಿಲ್ಲ.